ಗಾಜಿನ ತೊಟ್ಟಿಯಲ್ಲಿ ಕಾಲುವೆಯ ಮೀನು



ಮಳೆ ಹಿಡಿದು, ಗದ್ದೆಗೆ ನೀರು ಕಟ್ಟಿದ ದಿನಗಳಲ್ಲಿ ಮನೆಯ ಹುಡುಗರು ಎಲ್ಲಿರುತ್ತಾರೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಇಬ್ಬರು ಟವೆಲಿನ ನಾಲ್ಕು ತುದಿ ಹಿಡಿದು ಕಾಲುವೆಗೆ ಇಳಿಯುತ್ತಾರೆ. ಸಣ್ಣ ಮೀನು ಏಳೆಂಟು ಸಿಕ್ಕಿದರೆ ಸಾಕು, ಬಾಟಲಿಯಲ್ಲಿ ತುಂಬಿಕೊಂಡು ಕುಣಿಯುತ್ತಾ ಮನೆಗೆ ಬರುತ್ತಾರೆ. ಮೊದಲ ದಿನ ಬಾಟಲಿಯ ಸುತ್ತ ಜಾತ್ರೆ. ಎರಡನೆಯ ದಿನ ನೀರು ಮಬ್ಬಾಗುತ್ತದೆ. ಮೂರನೆಯ ದಿನ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತವೆ. "ತೆಗೆದು ಆಚೆ ಚೆಲ್ಲೋ, ನಾತ ಹೊಡೀತಿದೆ" ಎನ್ನುತ್ತಾಳೆ ತಾಯಿ. ಹುಡುಗ ಚೆಲ್ಲುತ್ತಾನೆ. ಮೀನು ಅಂದರೆ ಹೀಗೇ, ತಂದರೆ ಸಾಯುತ್ತದೆ ಎಂದು ತಿಳಿದುಕೊಳ್ಳುತ್ತಾನೆ. ಮುಂದಿನ ವಾರ ಮತ್ತೆ ಏಳೆಂಟು ತರುತ್ತಾನೆ.

ಮೀನು ಸಾಯಲೇಬೇಕೆಂದಿಲ್ಲ. ಅದೇ ಮೀನನ್ನು ಅದೇ ಮನೆಯಲ್ಲಿ ಎರಡು ಮೂರು ವರ್ಷ ಚೆನ್ನಾಗಿ ಇಟ್ಟುಕೊಳ್ಳಬಹುದು, ಮೊಟ್ಟೆ ಇಡಿಸಿ ಮರಿಯನ್ನೂ ಮಾಡಿಸಬಹುದು. ಅದಕ್ಕೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ತಿಳಿವಳಿಕೆ. ಬೆಳೆಗೆ ಮಣ್ಣು ಹೇಗೋ ಮೀನಿಗೆ ನೀರು ಹಾಗೆ. ಮಣ್ಣನ್ನು ಬಲ್ಲ ನಿಮಗೆ ಈ ವಿಷಯ ಕಷ್ಟವೇನೂ ಅಲ್ಲ.

ಯಾವ ಮೀನು ಇದು?

ಕಾಲುವೆಯಲ್ಲಿ ಅನೇಕ ಬಗೆಯ ಸಣ್ಣ ಮೀನುಗಳುಂಟು. ನಾವು ಇಲ್ಲಿ ಹೇಳಹೊರಟಿರುವುದು ಒಂದೇ ಕುಲದ ಮೀನಿನ ಸಂಗತಿ. ಇದನ್ನು ಗುರುತಿಸುವುದು ಬಹಳ ಸುಲಭ. ದಡದಲ್ಲಿ ನಿಂತು ಮೇಲಿನಿಂದ ನೋಡಿ. ನೀರಿನ ಮೇಲ್ಮೈಗೆ ತಾಗಿಕೊಂಡೇ ಈಜುವ ಒಂದೊಂದು ಮೀನಿನ ನೆತ್ತಿಯ ಮೇಲೂ ಬೆಳ್ಳಿಯ ಬೊಟ್ಟಿಟ್ಟಂತೆ ಒಂದು ಚುಕ್ಕೆ ಹೊಳೆಯುತ್ತದೆ. ನೆರಳಿನಲ್ಲಿ ಮೀನು ಕಾಣದೆ ಬರೀ ಚುಕ್ಕೆಗಳೇ ಅತ್ತಿತ್ತ ಓಡಾಡಿದ ಹಾಗೆ ಕಾಣುವುದೂ ಉಂಟು. ಬೆನ್ನು ಹಲಗೆಯಂತೆ ಚಪ್ಪಟೆ. ಬಾಯಿ ಮೇಲ್ಮುಖ. ಬೆನ್ನಿನ ರೆಕ್ಕೆ ಬಾಲದ ಹತ್ತಿರಕ್ಕೆ ಹಿಂದೆ ಸರಿದಿರುತ್ತದೆ. ಇವೆಲ್ಲ ನೀರಿನ ಮೇಲ್ಪದರದಲ್ಲಿ ಬದುಕುವುದಕ್ಕೆಂದೇ ಬಂದ ಲಕ್ಷಣಗಳು. ಮೇಲೆ ಬಿದ್ದ ಇರುವೆ, ನೊಣ, ಉಸಿರಿಗೆಂದು ಮೇಲೆ ಬಂದ ಸೊಳ್ಳೆಯ ಮರಿ, ಇವೇ ಇದರ ಊಟ. ನೆರೆಯ ಕೇರಳದವರು ಇದಕ್ಕೆ 'ಮಾನತ್ತುಕಣ್ಣಿ' ಎಂಬ ಚೆಂದದ ಹೆಸರಿಟ್ಟಿದ್ದಾರೆ. ಆಕಾಶಕ್ಕೆ ಕಣ್ಣು ನೆಟ್ಟವಳು ಎಂದು ಅರ್ಥ.

ಮೀನು ಸಾಕುವವರ ಪುಸ್ತಕಗಳಲ್ಲಿ ಈ ಕುಲಕ್ಕೆ 'ಕಿಲ್ಲಿ ಮೀನು' ಎಂಬ ಹೆಸರಿದೆ. ಕೊಲ್ಲುವ ಮೀನೋ ಏನೋ ಎಂದು ಹೆದರಬೇಡಿ. ಡಚ್ ಭಾಷೆಯಲ್ಲಿ 'ಕಿಲ್' ಎಂದರೆ ಸಣ್ಣ ಹಳ್ಳ, ತೊರೆ. ಹಳ್ಳದ ಮೀನು ಎಂದಷ್ಟೇ ಅದರ ಅರ್ಥ. ಆಫ್ರಿಕ, ಅಮೆರಿಕ, ಏಷ್ಯ ಖಂಡಗಳಲ್ಲಿ ಇವುಗಳ ನೂರಾರು ಬಗೆಗಳಿವೆ. ಆಫ್ರಿಕದ ಪೂರ್ವಭಾಗದಲ್ಲಿ ಮಳೆಗಾಲದ ಹೊಂಡಗಳಲ್ಲಿ ಮಾತ್ರ ಬದುಕುವ ಒಂದು ಬಗೆಯಿದೆ. ಹೊಂಡ ಒಣಗಿದರೆ ಮೀನು ಸಾಯುತ್ತದೆ, ಮೊಟ್ಟೆ ಮಾತ್ರ ಒಣಗಿದ ಕೆಸರಿನಲ್ಲಿ ಬಿತ್ತನೆ ಬೀಜದಂತೆ ಮಲಗಿದ್ದು ಮುಂದಿನ ಮಳೆಗೆ ಒಡೆಯುತ್ತದೆ. ನಮ್ಮ ದೇಶದವು ಹಾಗಲ್ಲ. ಇವು ಹಲವು ವರ್ಷ ಬದುಕುವಂಥವು.

ನಮ್ಮ ದೇಶದ ಕಿಲ್ಲಿ ಮೀನುಗಳಿಗೆ 'ಪ್ಯಾಂಚಾಕ್ಸ್' ಎಂದೂ ಕರೆಯುತ್ತಾರೆ. ಈ ಹೆಸರಿನ ಹಿಂದೆ ನಮಗೆ ಪರಿಚಿತನಾದ ಒಬ್ಬ ಮನುಷ್ಯನಿದ್ದಾನೆ. ಟಿಪ್ಪು ಸುಲ್ತಾನನು ಮಡಿದ ಮರುವರ್ಷ, ಅಂದರೆ 1800 ರಲ್ಲಿ, ಮೈಸೂರು, ಕನ್ನಡ ಮತ್ತು ಮಲೆಯಾಳ ಸೀಮೆಗಳಲ್ಲಿ ಊರೂರು ತಿರುಗಿ ಬೆಳೆ, ನೀರಾವರಿ, ಕಸುಬುಗಳ ವಿವರ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನ ಹೆಸರನ್ನು ನೀವು ಕೇಳಿರಬಹುದು. ಆತನೇ ಮುಂದೆ ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡು, 1822 ರಲ್ಲಿ ಗಂಗಾನದಿಯ ಮೀನುಗಳ ಬಗ್ಗೆ ದೊಡ್ಡ ಗ್ರಂಥ ಪ್ರಕಟಿಸಿದ. ಬಂಗಾಳದ ಜನ ಕರೆಯುತ್ತಿದ್ದ ಹೆಸರನ್ನೇ ಹಿಡಿದು ಈ ಮೀನಿಗೆ ಪ್ಯಾಂಚಾಕ್ಸ್ ಎಂದು ಹೆಸರಿಟ್ಟವನು ಅವನೇ.

ನಮ್ಮ ಪಶ್ಚಿಮ ಘಟ್ಟದ ಮಗ್ಗುಲಿನ ತೊರೆ, ಕಾಲುವೆ, ಗದ್ದೆಗಳಲ್ಲಿ ಕಾಣುವುದು ಪಟ್ಟೆ ಪ್ಯಾಂಚಾಕ್ಸ್. ಇದು ನಾಲ್ಕು ಅಂಗುಲದವರೆಗೆ ಬೆಳೆಯುತ್ತದೆ. ಗಂಡಿನ ಮೈಮೇಲೆ ಹೊನ್ನಿನ ಬಣ್ಣದ ಚುಕ್ಕೆಗಳ ಸಾಲು. ಹೆಣ್ಣಿನ ಮೈಯ ಹಿಂಭಾಗದಲ್ಲಿ ಕಪ್ಪು ಅಡ್ಡಪಟ್ಟೆಗಳು. ಇನ್ನೊಂದು ಗಿಡ್ಡ ಪ್ಯಾಂಚಾಕ್ಸ್. ಇದು ಕೇರಳ, ತಮಿಳುನಾಡು, ಶ್ರೀಲಂಕಾಗಳ ತಗ್ಗು ಪ್ರದೇಶದ ನೀರಿನಲ್ಲಿ ಸಿಗುವಂಥದು. ಎರಡು ಅಂಗುಲ ಬೆಳೆದರೆ ಹೆಚ್ಚು. ಮೈಮೇಲೆ ಹಸಿರು ಹೊಳಪು. ಹೆಣ್ಣಿಗೆ ಬೆನ್ನಿನ ರೆಕ್ಕೆಯ ಬುಡದಲ್ಲಿ ಒಂದು ಕಪ್ಪು ಮಚ್ಚೆ. ಬಣ್ಣದ ಮೀನು ಮಾರುವವರಲ್ಲಿಯೂ ಇದು ಸಿಗುತ್ತದೆ. ಸಣ್ಣ ತೊಟ್ಟಿಗೆ ಹೇಳಿಮಾಡಿಸಿದ್ದು ಈ ಗಿಡ್ಡ ಮೀನು. ಪಟ್ಟೆ ಮೀನನ್ನು ಸಾಕುವುದಾದರೆ ಅದರ ಬಾಯಲ್ಲಿ ಹಿಡಿಸುವಂಥ ಯಾವ ಸಣ್ಣ ಮೀನನ್ನೂ ಅದರ ಜೊತೆ ಬಿಡಬೇಡಿ, ನುಂಗಿಬಿಡುತ್ತದೆ. ಎರಡನ್ನೂ ಒಂದೇ ತೊಟ್ಟಿಯಲ್ಲಿ ಬೆರೆಸುವುದೂ ಬೇಡ.

ಒಂದು ಸಾಲದು, ಹತ್ತು ಇರಲಿ

ಇವು ಹಿಂಡಿನಲ್ಲಿ ಬದುಕುವ ಮೀನುಗಳು. ಸೈನಿಕರ ಹಾಗೆ ಸಾಲು ಹಿಡಿದು ಈಜುತ್ತವೆಂದಲ್ಲ. ಹುಲ್ಲುಗಾವಲಿನಲ್ಲಿ ಮೇಯುವ ದನದ ಮಂದೆಯ ಹಾಗೆ, ಒಂದೊಂದು ತನ್ನ ಪಾಡಿಗೆ ಇದ್ದರೂ ಒಂದರ ಕಣ್ಣಳತೆಯಲ್ಲಿ ಮತ್ತೊಂದು ಇರುತ್ತದೆ. ಒಂಟಿಯಾಗಿ ಇಟ್ಟ ಮೀನು ಮೂಲೆ ಹಿಡಿದು ಬಣ್ಣಗೆಡುತ್ತದೆ. ಎರಡೇ ಗಂಡು ಇಟ್ಟರೆ ಬಲವುಳ್ಳದ್ದು ಇನ್ನೊಂದನ್ನು ಹಗಲೆಲ್ಲ ಅಟ್ಟಾಡಿಸಿ ಸುಸ್ತು ಮಾಡುತ್ತದೆ. ಎಂಟು ಹತ್ತು ಇದ್ದರೆ ಈ ಜಗಳ ಹಂಚಿಹೋಗುತ್ತದೆ, ಯಾವುದಕ್ಕೂ ಪೆಟ್ಟಾಗುವುದಿಲ್ಲ. ಒಂದು ಗಂಡಿಗೆ ಎರಡು ಹೆಣ್ಣಿನ ಲೆಕ್ಕ ಇರಲಿ. ಗಂಡಿನ ಬಣ್ಣ ಗಾಢ, ಹೊಟ್ಟೆಯ ಕೆಳಗಿನ ರೆಕ್ಕೆ ಉದ್ದವಾಗಿ ಚೂಪಾಗಿರುತ್ತದೆ. ಹೆಣ್ಣಿನದು ದುಂಡಗೆ.

ಕಾಲುವೆಯಿಂದ ಹಿಡಿಯುವುದಾದರೆ ಒಂದು ಮಾತು. ನೂರಾರು ಇರುವ ಕಡೆ ಹತ್ತು ಹಿಡಿದರೆ ದೋಷವಿಲ್ಲ. ಹುಡುಕಿ ಹುಡುಕಿ ಹತ್ತೇ ಕಂಡರೆ ಒಂದನ್ನೂ ಮುಟ್ಟಬೇಡಿ. ರಕ್ಷಿತ ಅರಣ್ಯದ ತೊರೆಗೆ ಕೈಹಾಕಬೇಡಿ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಮತ್ಸ್ಯತೀರ್ಥದಲ್ಲಿ ದೇವರ ಮೀನು ಎಂದು ಜನ ಕಾಪಾಡಿಕೊಂಡು ಬಂದಿದ್ದಾರಲ್ಲ, ಅಂಥ ನೀರಿನ ಮೀನನ್ನು ಹಿಡಿಯುವ ಯೋಚನೆಯೇ ಬೇಡ.

ಬಾಟಲಿಯ ಮೀನು ಯಾಕೆ ಸತ್ತಿತು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹುಡುಗ ತಂದ ಮೀನು ಮೂರೇ ದಿನಕ್ಕೆ ಯಾಕೆ ಸತ್ತಿತು? ಹಸಿವಿನಿಂದಲ್ಲ. ಹಸಿವಿನಿಂದ ಮೀನು ಅಷ್ಟು ಬೇಗ ಸಾಯುವುದಿಲ್ಲ. ಅದು ಸತ್ತದ್ದು ತನ್ನ ಹೊಲಸಿನಿಂದಲೇ.

ನೀವು ಯೂರಿಯ ಬಲ್ಲಿರಿ. ಗದ್ದೆಗೆ ಹಾಕಿದ ಯೂರಿಯ ಮಣ್ಣಿನಲ್ಲಿ ಮೊದಲು ಅಮೋನಿಯ ಆಗುತ್ತದೆ, ಆಮೇಲೆ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಗಿಡ ಹೀರಿಕೊಳ್ಳುವುದು ಇವನ್ನೇ. ಮೀನಿನ ಕಿವಿರಿನಿಂದಲೂ ಮಲದಿಂದಲೂ ಇದೇ ಅಮೋನಿಯ ನೀರಿಗೆ ಸೇರುತ್ತದೆ. ಕೊಟ್ಟಿಗೆಯಲ್ಲಿ ಗಂಜಳ ಕೊಳೆತಾಗ ಮೂಗಿಗೆ ಚುರ್ರೆನ್ನುವ ವಾಸನೆ ಬರುತ್ತದಲ್ಲ, ಅದೇ ಅಮೋನಿಯ. ಮೀನಿಗೆ ಅದು ವಿಷ. ಕಾಲುವೆಯಲ್ಲಿ ಹರಿಯುವ ನೀರು ಅದನ್ನು ಒಯ್ಯುತ್ತದೆ. ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಅರಗಿಸುತ್ತವೆ. ಬಾಟಲಿಯಲ್ಲಿ ಒಯ್ಯುವವರೂ ಇಲ್ಲ, ಅರಗಿಸುವವರೂ ಇಲ್ಲ. ಅದರ ಮೇಲೆ ಹುಡುಗ ಪ್ರೀತಿಯಿಂದ ಒಂದು ಹಿಡಿ ಅನ್ನದ ಅಗುಳು ಹಾಕಿರುತ್ತಾನೆ. ಅನ್ನ ಕೊಳೆತು ನೀರಿನ ಪ್ರಾಣವಾಯುವನ್ನು ಎಳೆದುಕೊಳ್ಳುತ್ತದೆ. ನೀರು ಕೆಟ್ಟಿತೆಂದು ಕಂಡು, ಪಾಪ, ಅದನ್ನೆಲ್ಲ ಚೆಲ್ಲಿ ನಲ್ಲಿಯ ಹೊಸ ನೀರು ತುಂಬುತ್ತಾನೆ. ಅದರಲ್ಲಿ ಕ್ಲೋರಿನ್ ಇದ್ದರೆ ಮೀನಿನ ಕಿವಿರು ಸುಡುತ್ತದೆ. ಅಲ್ಲಿಗೆ ಮುಗಿಯಿತು.

ಆದ್ದರಿಂದ ಮೀನು ಸಾಕುವ ಕೆಲಸವೆಂದರೆ, ಆ ಸೂಕ್ಷ್ಮಜೀವಿಗಳನ್ನು ಸಾಕುವ ಕೆಲಸ. ಅವು ಸುಖವಾಗಿದ್ದರೆ ಮೀನೂ ಸುಖವಾಗಿರುತ್ತದೆ. ತಿಪ್ಪೆಯ ಗೊಬ್ಬರ ಮಾಗುವ ಹಾಗೆ ತೊಟ್ಟಿಯ ನೀರೂ ಮಾಗಬೇಕು. ಅದಕ್ಕೆ ನಾಲ್ಕು ವಾರವಾದರೂ ಬೇಕು.

ತೊಟ್ಟಿ ಕಟ್ಟುವ ಕ್ರಮ

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿ ಹತ್ತು ಗಿಡ್ಡ ಮೀನಿಗೆ ಸಾಕು. ಪಟ್ಟೆ ಮೀನಿಗಾದರೆ ಮೂರು ಅಡಿ ಉದ್ದದ್ದು ಬೇಕು. ಎರಡು ಅಡಿಯ ತೊಟ್ಟಿಯಲ್ಲಿ ಹತ್ತು ಅಂಗುಲ ನೀರು ನಿಲ್ಲಿಸಿದರೆ ಸುಮಾರು 45 ಲೀಟರು. ಗಾಜು, ಮರಳು ಸೇರಿ ತೂಕ ಅರ್ಧ ಕ್ವಿಂಟಲನ್ನು ಮೀರುತ್ತದೆ. ಹಾಗಾಗಿ ಅಲ್ಲಾಡುವ ಮೇಜಿನ ಮೇಲೆ ಇಡಬೇಡಿ. ಮಟ್ಟಸವಾದ ಕಲ್ಲುಚಪ್ಪಡಿ ಇಲ್ಲವೆ ಗಟ್ಟಿ ಹಲಗೆಯ ಮೇಲೆ, ಅಡಿಗೆ ಒಂದು ತೆಳು ಥರ್ಮೋಕೋಲ್ ಹಾಳೆ ಹಾಸಿ ಇಡಿ. ಬಿಸಿಲು ನೇರ ಬೀಳುವ ಕಡೆ ಬೇಡ. ನೀರು ಕಾಯುತ್ತದೆ, ಹಸಿರು ಕಟ್ಟುತ್ತದೆ. ಒಲೆಯ ಹೊಗೆ ಬರುವ ಕಡೆಯೂ ಬೇಡ. ಮೊದಲು ಒಂದು ದಿನ ಅಂಗಳದಲ್ಲೇ ನೀರು ತುಂಬಿಟ್ಟು, ಎಲ್ಲಾದರೂ ಸೋರುತ್ತದೆಯೇ ನೋಡಿಕೊಳ್ಳಿ.

ಹೊಳೆಯ ಮರಳನ್ನು ಅಕ್ಕಿ ತೊಳೆದಂತೆ ಏಳೆಂಟು ಸಲ, ತಿಳಿನೀರು ಬರುವ ತನಕ ತೊಳೆದು, ಒಂದೂವರೆ ಅಂಗುಲ ಹರಡಿ. ಸೋಪು ಮುಟ್ಟಿಸಬೇಡಿ. ನಲ್ಲಿಯ ನೀರಾದರೆ ಅಗಲಬಾಯಿಯ ಪಾತ್ರೆಯಲ್ಲಿ ಒಂದು ದಿನ ಪೂರ್ತಿ ತೆರೆದಿಟ್ಟು ಆಮೇಲೆ ಹಾಕಿ. ಕ್ಲೋರಿನ್ ಗಾಳಿಗೆ ಹೋಗುತ್ತದೆ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ್ದರೆ ಆ ನೀರನ್ನು ಕೆಲವು ದಿನ ಮುಟ್ಟಬೇಡಿ. ಬೋರ್‌ವೆಲ್ಲಿನ ನೀರನ್ನೂ ರಾತ್ರಿಯಿಡೀ ತೆರೆದಿಡಬೇಕು. ಭೂಮಿಯ ಆಳದಿಂದ ಬಂದ ನೀರಿನಲ್ಲಿ ಗಾಳಿ ಕಡಿಮೆ.

ಮೇಲೆ ತೇಲುವ ಗಿಡ ಇರಲೇಬೇಕು. ಅಂತರಗಂಗೆಯ ನಾಲ್ಕು ಗಿಡ ಸಾಕು. ಅದರ ಜಡೆಯಂಥ ಬೇರಿನ ನೆರಳಿನಲ್ಲಿ ಮೀನಿಗೆ ಧೈರ್ಯ. ತೊಟ್ಟಿಯ ಮೇಲ್ಮೈ ಅರ್ಧಕ್ಕಿಂತ ಹೆಚ್ಚು ಮುಚ್ಚದಂತೆ ನೋಡಿಕೊಂಡು, ಹೆಚ್ಚಾದುದನ್ನು ತೆಗೆದು ಗೊಬ್ಬರದ ಗುಂಡಿಗೆ ಹಾಕಿ, ಕೆರೆಗೆ ಎಸೆಯಬೇಡಿ. ಕೆರೆಯಿಂದ ತಂದ ಗಿಡವನ್ನು ನೇರ ತೊಟ್ಟಿಗೆ ಹಾಕದೆ, ಒಂದು ವಾರ ಬೇರೆ ಬಕೆಟ್ಟಿನಲ್ಲಿಟ್ಟು ಪರೀಕ್ಷಿಸಿ. ಅದರಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿಹುಳು ಅಡಗಿದ್ದರೆ ನಿಮ್ಮ ಮೀನುಮರಿಗಳನ್ನೆಲ್ಲ ತಿಂದುಹಾಕುತ್ತದೆ.

ಸ್ಪಂಜಿನ ಸೋಸುಕ, ಅದಕ್ಕೆ ಗಾಳಿ ಊದುವ ಚಿಕ್ಕ ಪಂಪು, ಇವು ಬಣ್ಣದ ಮೀನಿನ ಅಂಗಡಿಯಲ್ಲಿ ಸಿಗುತ್ತವೆ. ಸೂಕ್ಷ್ಮಜೀವಿಗಳು ಮನೆಮಾಡುವುದು ಈ ಸ್ಪಂಜಿನಲ್ಲೇ. ಗಾಳಿಯ ಗುಳ್ಳೆ ಮೆಲ್ಲಗಿರಲಿ. ಇವು ನಿಂತ ನೀರನ್ನು ಮೆಚ್ಚುವ ಮೀನು. ಹಳ್ಳಿಯಲ್ಲಿ ಕರೆಂಟು ಹೋದರೆ ಗತಿಯೇನು ಎನ್ನುತ್ತೀರಾ? ಹತ್ತೇ ಮೀನು, ಹದವಾದ ಗಿಡ ಇದ್ದರೆ ಕೆಲವು ಗಂಟೆ ಏನೂ ಆಗುವುದಿಲ್ಲ. ಗಾಳಿ ಹೆಚ್ಚು ಬೆರೆತಿರುವ ಮೇಲ್ಪದರದಲ್ಲೇ ಇವುಗಳ ವಾಸವಲ್ಲವೇ? ನೀರಿಗೆ ಕೈ ಹಾಕುವ ಮುನ್ನ ಮಾತ್ರ ಪಂಪಿನ ಪ್ಲಗ್ಗನ್ನು ಕಿತ್ತಿಡಿ. ಇದನ್ನು ಮನೆಯ ಮಕ್ಕಳಿಗೂ ಅಭ್ಯಾಸ ಮಾಡಿಸಿ.

ಇಷ್ಟಾದ ಮೇಲೆ ಮೀನು ಬಿಡುವ ಆತುರ ಬೇಡ. ನಾಲ್ಕು ವಾರ ಬರಿಯ ತೊಟ್ಟಿಯನ್ನೇ ನಡೆಸಿ. ದಿನ ಬಿಟ್ಟು ದಿನ ಒಂದು ಚಿಟಿಕೆ ಮೀನಿನ ಪುಡಿ ಹಾಕುತ್ತಿರಿ. ಅದು ಕೊಳೆತು ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ. ಈ ದಿನಗಳಲ್ಲಿ ಸೊಳ್ಳೆ ಬಂದು ಮೊಟ್ಟೆ ಇಡದಂತೆ ಬಾಯಿಗೆ ಸೊಳ್ಳೆಪರದೆಯ ಬಟ್ಟೆ ಬಿಗಿದು ಕಟ್ಟಿ.

ಆ ಬಟ್ಟೆಯನ್ನು ಮುಂದೆಯೂ ತೆಗೆಯಬೇಡಿ. ಏಕೆಂದರೆ ಇವು ಹಾರುವ ಮೀನು. ಹುಳು ಹಿಡಿಯಲು ಚಿಮ್ಮುವುದು ಇವುಗಳ ಹುಟ್ಟುಗುಣ. ಎರಡು ಬೆರಳು ಅಗಲದ ಸಂದಿ ಸಿಕ್ಕಿದರೂ ರಾತ್ರಿ ಚಿಮ್ಮಿ ಹೊರಬಿದ್ದು, ಬೆಳಿಗ್ಗೆ ಕಸ ಗುಡಿಸುವಾಗ ಪೊರಕೆಗೆ ಸಿಗುತ್ತವೆ. ತೊಟ್ಟಿ ಎಷ್ಟೇ ಚೆನ್ನಾಗಿರಲಿ, ಮುಚ್ಚಳ ಇಲ್ಲದಿದ್ದರೆ ಈ ಮೀನು ನಿಮ್ಮ ಮನೆಯಲ್ಲಿ ಉಳಿಯುವುದಿಲ್ಲ.

ಮೀನು ಬಿಡುವ ದಿನ, ತಂದ ಪಾತ್ರೆಯ ನೀರಿಗೆ ಹತ್ತು ನಿಮಿಷಕ್ಕೊಮ್ಮೆ ತೊಟ್ಟಿಯ ನೀರು ಒಂದೊಂದು ಲೋಟ ಸೇರಿಸುತ್ತಾ ಒಂದು ಗಂಟೆ ಕಳೆಯಿರಿ. ಸಸಿಯನ್ನು ಮಡಿಯಿಂದ ಕಿತ್ತು ನೆಡುವಾಗ ತೋರುವ ಜಾಗ್ರತೆಯನ್ನೇ ಇಲ್ಲಿಯೂ ತೋರಿಸಬೇಕು.

ಊಟ, ಉಪಚಾರ

ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕಿ. ಅಂಗಡಿಯ ತೇಲುವ ಪುಡಿ ಆಗಬಹುದು. ಆದರೆ ಇವುಗಳ ಪ್ರೀತಿಯ ಊಟ ಹುಳುವೇ. ಸಣ್ಣ ಇರುವೆ, ಮೊದಲ ಮಳೆಗೆ ದೀಪಕ್ಕೆ ಬರುವ ರೆಕ್ಕೆಯ ಗೆದ್ದಲು, ನಿಂತ ನೀರಿನ ಸೊಳ್ಳೆಮರಿ, ಎಲ್ಲವನ್ನೂ ತಿನ್ನುತ್ತವೆ. ಔಷಧಿ ಹೊಡೆದ ಹೊಲದ ಹುಳು ಮಾತ್ರ ಬೇಡ. ಮೀನಿಗೆಂದು ಸೊಳ್ಳೆಮರಿಯನ್ನು ಮಡಕೆಯಲ್ಲಿ ಬೆಳೆಸುವ ಜಾಣತನವೂ ಬೇಡ. ಬೆಚ್ಚಗಿನ ದಿನಗಳಲ್ಲಿ ವಾರ ಹತ್ತು ದಿನಕ್ಕೆ ಮರಿಯೆಲ್ಲ ಸೊಳ್ಳೆಯಾಗಿ ಹಾರುತ್ತದೆ. ಕಂಡ ಕಡೆ ಬಟ್ಟೆಯಲ್ಲಿ ಸೋಸಿ ತಂದು ಹಾಕಿ, ಆ ನೀರನ್ನು ಅಲ್ಲೇ ಚೆಲ್ಲಿಬಿಡಿ. ಅನ್ನ, ಮಂಡಕ್ಕಿ, ಬಿಸ್ಕತ್ತು ಇವು ಮೀನಿನ ಊಟವಲ್ಲ. ವಾರಕ್ಕೊಂದು ದಿನ ಉಪವಾಸ ಕೆಡವಿದರೆ ಒಳ್ಳೆಯದೇ. ಹಸಿದು ಸತ್ತ ಮೀನಿಗಿಂತ ಊಟ ಹೆಚ್ಚಾಗಿ ಸತ್ತ ಮೀನೇ ಹೆಚ್ಚು.

ವಾರಕ್ಕೊಮ್ಮೆ ಐದರಲ್ಲಿ ಒಂದು ಪಾಲು, ಅಂದರೆ 9 ಲೀಟರು ನೀರು ತೆಗೆದು, ಅಷ್ಟೇ ಹಳಸಿದ ನೀರು ಹಾಕಿ. ಹಳಸಿದ್ದು ಅಂದರೆ ಮೊದಲೇ ಹೇಳಿದ ಹಾಗೆ ಒಂದು ದಿನ ತೆರೆದಿಟ್ಟದ್ದು. ಪೂರ್ತಿ ನೀರನ್ನು ಎಂದೂ ಬದಲಿಸಬೇಡಿ. ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆದರೆ ಸೂಕ್ಷ್ಮಜೀವಿಗಳು ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಒಂದೆರಡು ಸಲ ಹಿಂಡಿ ಮತ್ತೆ ಕೂಡಿಸಿ. ತೆಗೆದ ನೀರನ್ನು ಚರಂಡಿಗೆ ಬಿಡಬೇಡಿ. ನೈಟ್ರೇಟ್ ಇರುವ ನೀರು ಅದು. ತುಳಸಿಗೋ ಕರಿಬೇವಿಗೋ ಹಾಕಿ, ಎಲೆಯ ಬಣ್ಣ ನೋಡಿ.

ಮೀನು ರೆಕ್ಕೆ ಮಡಿಸಿಕೊಂಡು ಮಂಕಾದರೆ ಮೊದಲ ಮದ್ದು ನೀರು ಬದಲಿಸುವುದೇ. ಮೈಮೇಲೆ ಉಪ್ಪಿನ ಹರಳಿನಂತೆ ಬಿಳಿ ಚುಕ್ಕೆ ಕಂಡರೆ ಅದನ್ನು ಬೇರೆ ಪಾತ್ರೆಗೆ ತೆಗೆದು, 10 ಲೀಟರಿಗೆ ಒಂದು ಟೀ ಚಮಚದ ಲೆಕ್ಕದಲ್ಲಿ ಕಲ್ಲುಪ್ಪನ್ನು ಕರಗಿಸಿ ಹಾಕಿ. ಇನ್ನೊಂದು ಎಚ್ಚರಿಕೆ: ತೊಟ್ಟಿ ಇರುವ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚುವುದು, ಸೊಳ್ಳೆ ಸ್ಪ್ರೇ ಹೊಡೆಯುವುದು ಬೇಡ. ಅವುಗಳಲ್ಲಿರುವ ಪೈರೆಥ್ರಾಯ್ಡ್ ಎಂಬ ಔಷಧಿ ಮನುಷ್ಯರಿಗಿಂತ ಮೀನಿಗೆ ಬಹುಪಾಲು ಹೆಚ್ಚು ವಿಷಕಾರಿ. ಹೊಲಕ್ಕೆ ಔಷಧಿ ಹೊಡೆದು ಬಂದ ಕೈಯನ್ನು ತೊಟ್ಟಿಯೊಳಗೆ ಹಾಕುವುದೂ ಬೇಡ.

ಮೊಟ್ಟೆ, ಮರಿ

ಒಳ್ಳೆಯ ಊಟ, ಹಳೆಯ ನೀರು, ಗಿಡದ ನೆರಳು ಇದ್ದರೆ ಇವು ತಾವಾಗಿಯೇ ಮೊಟ್ಟೆ ಇಡುತ್ತವೆ. ಕೋಳಿಯ ಹಾಗೆ ದಿನಕ್ಕೆ ಇಷ್ಟೆಂದು, ಒಂದೊಂದಾಗಿ, ಗಿಡದ ಬೇರಿಗೆ ಅಂಟಿಸುತ್ತಾ ಹೋಗುತ್ತವೆ. ಮೊಟ್ಟೆ ಇಡುವುದಕ್ಕೆ ಒಂದು ಉಪಾಯ ಮಾಡಿ. ತೆಂಗಿನ ನಾರನ್ನು ಮೂರು ನಾಲ್ಕು ಸಲ ನೀರು ಬದಲಿಸಿ ಕುದಿಸಿ, ಕಂದುಬಣ್ಣ ಬಿಡುವುದು ನಿಂತ ಮೇಲೆ, ಕುಚ್ಚಿನಂತೆ ಕಟ್ಟಿ ಬೆಂಡಿನ ತುಂಡಿಗೆ ತೂಗುಹಾಕಿ ತೇಲಿಬಿಡಿ. ದಿನ ಬಿಟ್ಟು ದಿನ ಆ ಕುಚ್ಚನ್ನು ತೆಗೆದು ಬೆಳಕಿಗೆ ಹಿಡಿದು ನೋಡಿ. ಸಾಸಿವೆಗಿಂತ ಸ್ವಲ್ಪ ಚಿಕ್ಕದಾದ, ಗಾಜಿನಂತೆ ತಿಳಿಯಾದ ಮಣಿಗಳು ಕಂಡರೆ ಅವೇ ಮೊಟ್ಟೆ. ಬೆರಳಲ್ಲಿ ಮೆಲ್ಲಗೆ ಬಿಡಿಸಿದರೂ ಒಡೆಯದಷ್ಟು ಗಟ್ಟಿ. ತೊಟ್ಟಿಯ ನೀರನ್ನೇ ಹಾಕಿದ ಅಗಲ ಡಬ್ಬಿಯಲ್ಲಿ ಅವನ್ನಿಡಿ. ಬೆಳ್ಳಗಾದದ್ದು ಕೆಟ್ಟದ್ದು, ಬೀಜ ಆರಿಸುವಾಗ ಜೊಳ್ಳು ತೆಗೆಯುವ ಹಾಗೆ ದಿನವೂ ತೆಗೆದುಹಾಕಿ.

ಒಂದು ವಾರದ ಮೇಲೆ ಮಕ್ಕಳನ್ನು ಕರೆದು ತೋರಿಸಿ. ತಿಳಿಮಣಿಯೊಳಗಿಂದ ಎರಡು ಕಪ್ಪು ಕಣ್ಣು ಹೊರಗೆ ನೋಡುತ್ತಿರುತ್ತವೆ. ಎರಡು ವಾರದ ಹೊತ್ತಿಗೆ ಮೊಟ್ಟೆ ಒಡೆದು ಮರಿ ನೀರಿನ ಮೇಲಕ್ಕೆ ಬಂದು ನಿಲ್ಲುತ್ತದೆ. ಅದನ್ನು ದೊಡ್ಡವುಗಳ ಜೊತೆ ಬಿಡಬೇಡಿ. ಹೆತ್ತವರೆಂಬ ಕರುಣೆ ಅವಕ್ಕಿಲ್ಲ, ತಿನ್ನುತ್ತವೆ. ಮರಿಯ ಬಾಯಿ ಸೂಜಿಯ ಮೊನೆಯಷ್ಟು. ಅದಕ್ಕೆ ಊಟ ನಿಮ್ಮ ಬಣವೆಯಲ್ಲೇ ಇದೆ. ಔಷಧಿ ಬೀಳದ ಒಣ ಹುಲ್ಲಿನ ನಾಲ್ಕು ಕಡ್ಡಿಯನ್ನು ಒಂದು ಜಾಡಿ ಕೆರೆಯ ನೀರಿನಲ್ಲಿ ನೆನೆಹಾಕಿ, ಮೇಲೆ ಬಟ್ಟೆ ಕಟ್ಟಿಡಿ. ನಾಲ್ಕೈದು ದಿನಕ್ಕೆ ಅದರಲ್ಲಿ ಕಣ್ಣಿಗೆ ಕಾಣದ ಅಸಂಖ್ಯಾತ ಸೂಕ್ಷ್ಮಪ್ರಾಣಿಗಳು ಹುಟ್ಟಿರುತ್ತವೆ. ಆ ನೀರನ್ನು ದಿನಕ್ಕೆ ಎರಡು ಮೂರು ಸಲ ಒಂದೊಂದು ಚಮಚ ಮರಿಗಳ ಡಬ್ಬಿಗೆ ಹಾಕಿ. ಹತ್ತು ದಿನ ಕಳೆದ ಮೇಲೆ, ಅತಿ ಚಿಕ್ಕ ಸೊಳ್ಳೆಮರಿ, ನುಣ್ಣಗೆ ಅರೆದ ಮೀನಿನ ಪುಡಿ ಕೊಡಬಹುದು. ಮೊದಲು ಹುಟ್ಟಿದ ಮರಿ ಆಮೇಲೆ ಹುಟ್ಟಿದ್ದನ್ನು ನುಂಗುತ್ತದೆಯಾದ್ದರಿಂದ ಗಾತ್ರ ನೋಡಿ ಬೇರೆ ಬೇರೆ ಡಬ್ಬಿ ಮಾಡಿ.

ಮರಿ ಹೆಚ್ಚಾದರೆ ಏನು ಮಾಡುವುದು?

ಇಲ್ಲಿ ಬಹಳ ಎಚ್ಚರಿಕೆ ಬೇಕು. ಅಂಗಳದಲ್ಲಿ ದನ ನೀರು ಕುಡಿಯುವ ಸಿಮೆಂಟಿನ ತೊಟ್ಟಿ ಇದ್ದರೆ, ಹೊರಗೆ ಹರಿದುಹೋಗದಂಥದಾದರೆ, ಅದಕ್ಕೆ ನಾಲ್ಕು ಬಿಡಿ. ಆ ತೊಟ್ಟಿಯಲ್ಲಿ ಸೊಳ್ಳೆ ಹುಟ್ಟದಂತೆ ಅವು ಕಾಯುತ್ತವೆ. ಹಾಗೆಂದು ಸೊಳ್ಳೆಯ ಕಾಟ ಮುಗಿಯಿತೆಂದು ತಿಳಿಯಬೇಡಿ. ಡೆಂಗಿ ತರುವ ಸೊಳ್ಳೆ ಒಡೆದ ಮಡಕೆ, ಹಳೆಯ ಟೈರು, ತೆಂಗಿನ ಚಿಪ್ಪುಗಳ ಎರಡು ಲೋಟ ನೀರಿನಲ್ಲೂ ಹುಟ್ಟುತ್ತದೆ. ಅಲ್ಲಿಗೆ ಮೀನು ಬಿಡಲಾಗದು. ವಾರಕ್ಕೊಮ್ಮೆ ಕವುಚಿಹಾಕಬೇಕಾದವರು ನೀವೇ.

ಆದರೆ ಕೆರೆಗೆ, ಹಳ್ಳಕ್ಕೆ ತೊಟ್ಟಿಯ ಮೀನನ್ನು ಎಂದಿಗೂ ಬಿಡಬೇಡಿ. ಕೊಂಡುತಂದ ಮೀನಾಗಲಿ, ಬೇರೆ ಸೀಮೆಯ ಮೀನಾಗಲಿ, ತನ್ನ ಜೊತೆ ರೋಗ ತರಬಹುದು. ಇದರಿಂದಾಗುವ ಕೇಡಿಗೆ ಒಂದು ನಿದರ್ಶನ ಹೇಳುತ್ತೇನೆ. ಸೊಳ್ಳೆಮರಿ ತಿನ್ನಲೆಂದು ಅಮೆರಿಕ ಮೂಲದ ಗ್ಯಾಂಬೂಸಿಯ ಎಂಬ ಮೀನನ್ನು 1928 ರಲ್ಲಿ ಇಟಲಿಯ ಮೂಲಕ ನಮ್ಮ ದೇಶಕ್ಕೆ ತಂದರು. ಉದ್ದೇಶ ಒಳ್ಳೆಯದೇ, ಮಲೇರಿಯ ಆಗ ಊರೂರನ್ನೇ ಬರಿದು ಮಾಡುತ್ತಿತ್ತು. ಆದರೆ ಆ ಮೀನು ಸೊಳ್ಳೆಮರಿಯ ಜೊತೆಗೆ ಊರ ಮೀನಿನ ಮೊಟ್ಟೆ, ಮರಿಗಳನ್ನೂ ತಿನ್ನತೊಡಗಿತು. ಇಂದು ಅದು ಲೋಕದ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಅದು ಮಾಡಬೇಕೆಂದಿದ್ದ ಕೆಲಸವನ್ನು ನಮ್ಮ ಬೆಳ್ಳಿಬೊಟ್ಟಿನ ಮೀನು ಕರೆಯದೆಯೇ ನಮ್ಮ ಗದ್ದೆಗಳಲ್ಲಿ ಮೊದಲಿನಿಂದ ಮಾಡಿಕೊಂಡು ಬಂದಿತ್ತು.

ಕೊನೆಯದಾಗಿ ಒಂದು ಮಾತು. ತೊಟ್ಟಿ ಕಟ್ಟಿ ಆರು ತಿಂಗಳು ಈ ಹತ್ತು ಮೀನನ್ನು ನೋಡಿಕೊಂಡವನಿಗೆ ಒಂದು ಸಂಗತಿ ತಾನಾಗಿಯೇ ತಿಳಿಯುತ್ತದೆ. ಒಂದು ಚಮಚ ಹೆಚ್ಚು ಊಟ, ಒಂದು ಕೊಡ ಕ್ಲೋರಿನ್ ನೀರು, ಕೈಗೆ ಅಂಟಿದ ಒಂದಿಷ್ಟು ಔಷಧಿ, ಇಷ್ಟೇ ಸಾಕು ಹತ್ತೂ ಸಾಯುವುದಕ್ಕೆ. ಹಾಗಾದರೆ ಕಾಲುವೆಯಲ್ಲಿ ಸ್ಪ್ರೇಯರ್ ತೊಳೆದರೆ? ಸೈಪರ್‌ಮೆಥ್ರಿನ್ ಹೊಡೆದ ಗದ್ದೆಯ ನೀರನ್ನು ಅದೇ ದಿನ ಕೆಳಗಿನ ಹಳ್ಳಕ್ಕೆ ಒಡೆದುಬಿಟ್ಟರೆ? ಮೀನು ಸತ್ತದ್ದು ಯಾರಿಗೂ ಕಾಣದು. ಹರಿವ ನೀರು ಒಯ್ದುಬಿಡುತ್ತದೆ. ನಮಗೆ ಕಾಣುವುದು ಸೊಳ್ಳೆ ಹೆಚ್ಚಾದದ್ದು ಮಾತ್ರ. ಸ್ಪ್ರೇಯರನ್ನು ಕಾಲುವೆಯಿಂದ, ಬಾವಿಯಿಂದ ದೂರ ತೊಳೆಯಿರಿ. ತೊಳೆದ ನೀರನ್ನು ಔಷಧಿ ಹೊಡೆದ ಹೊಲಕ್ಕೇ ಚೆಲ್ಲಿ. ಔಷಧಿ ಬಿದ್ದ ಗದ್ದೆಯ ನೀರನ್ನು ಕೆಲವು ದಿನ ಗದ್ದೆಯಲ್ಲೇ ನಿಲ್ಲಿಸಿಕೊಳ್ಳಿ.

ಮುಂದಿನ ಮಳೆಗಾಲಕ್ಕೆ ನಿಮ್ಮ ಹುಡುಗ ಮತ್ತೆ ಬಾಟಲಿ ಹಿಡಿದು ಬರುತ್ತಾನೆ. ಬೈಯಬೇಡಿ. "ನಾಲ್ಕು ವಾರ ತಡಿಯಪ್ಪ, ಮೊದಲು ನೀರು ಮಾಗಲಿ, ಮೀನನ್ನ ಆಮೇಲೆ ತರೋಣ. ಇವನ್ನ ಈಗಲೇ ವಾಪಸ್ ಬಿಟ್ಟು ಬಾ" ಎಂದು ಹೇಳಿ, ಹಿಡಿದ ಕಾಲುವೆಗೇ ಬಿಡಿಸಿ. ನೆತ್ತಿಯ ಮೇಲೆ ಬೆಳ್ಳಿಬೊಟ್ಟು ಇಟ್ಟುಕೊಂಡ ಮೀನು ಆಗಲೂ ಅಲ್ಲೇ ಇರಬೇಕು. ಅದು ಇರುವ ಹಾಗೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.